ಬೆಲ್ಲ ಸವರಿದ ಬೀಜ

ಹಂಗಳದ ನಮ್ಮ ಬೀದಿಯಲ್ಲಿ ಗುರುಮಲ್ಲವ್ವನ ಜೊತೆ ಮಾತಾಡಬೇಕೆಂದರೆ ಮೊದಲು ಅವಳ ಎದುರಿಗೆ ಹೋಗಿ ನಿಲ್ಲಬೇಕು. ಬೆನ್ನ ಹಿಂದೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದರೂ ಪ್ರಯೋಜನವಿಲ್ಲ. ಅವಳ ಕಿವಿ ಮಂದವಾಗಿ ಹತ್ತು ಹನ್ನೆರಡು ವರ್ಷವಾಯಿತು. ಎದುರಿಗೆ ನಿಂತರೆ ತುಟಿ ನೋಡಿಕೊಂಡು ಉತ್ತರ ಕೊಡುತ್ತಾಳೆ, ಇಷ್ಟವಿಲ್ಲದ ಮಾತಾದರೆ ಮುಖ ತಿರುಗಿಸಿಬಿಡುತ್ತಾಳೆ. ಅದರಿಂದ ಅವಳಿಗೆ ದೊಡ್ಡ ನಷ್ಟವಾಗಿದೆ ಎಂದು ನಾನಂತೂ ಹೇಳಲಾರೆ. ಬೀದಿಯ ಎಷ್ಟೋ ಜಗಳಗಳು ಅವಳ ಬಾಗಿಲಿನವರೆಗೆ ಬಂದು, ಕೇಳುವವರಿಲ್ಲದೆ ಹಾಗೇ ವಾಪಸ್ಸು ಹೋಗಿವೆ.

ಮಗ ಮಲ್ಲಿಕಾರ್ಜುನಸ್ವಾಮಿ ಚಾಮರಾಜನಗರದಲ್ಲಿ ಕೆಲಸದಲ್ಲಿದ್ದಾನೆ, ಭಾನುವಾರ ಬಂದು ಹೋಗುತ್ತಾನೆ. ಅವನು ಮೈಸೂರಿನಿಂದ ಕಿವಿಗೆ ಹಾಕುವ ಮಿಷನ್ ತಂದುಕೊಟ್ಟಿದ್ದ. ಗುರುಮಲ್ಲವ್ವ ಅದನ್ನು ಒಂದೇ ಒಂದು ದಿನ ಹಾಕಿಕೊಂಡಳು. ಸೊಸೆಯ ಮಿಕ್ಸಿ ತಲೆಯೊಳಗೇ ತಿರುಗಿದಂತೆ ಆಗುತ್ತದೆ ಎಂದು ಕಿತ್ತು, ಸೆಲ್ಲುಗಳ ಸಮೇತ ತನ್ನ ಟ್ರಂಕಿನ ತಳಕ್ಕೆ ಹಾಕಿದಳು.

ಇಷ್ಟಾಗಿಯೂ ಹೊಲ ಕಾಯುವವಳು ಅವಳೇ. ಹೊಲ ಇರುವುದು ಊರಾಚೆ, ಕಾಡಂಚಿನ ಆನೆ ಕಂದಕದ ಪಕ್ಕ. ಕಂದಕ ಆನೆಯನ್ನು ತಡೆದೀತು, ಹಂದಿಗೆ ಅದು ಲೆಕ್ಕಕ್ಕಿಲ್ಲ. ಕಡಲೆಕಾಯಿ ಬೀಜ ಬಿತ್ತಿದ ರಾತ್ರಿಯೇ ಬಂದು ಸಾಲು ಹಿಡಿದು ಉತ್ತು ಹಾಕುತ್ತವೆ. ಕಿವುಡಿ ಅಟ್ಟಣೆ ಹತ್ತಿ ಕಾಯುತ್ತಾಳಂತೆ ಎಂದು ಮೊದಮೊದಲು ನಕ್ಕವರಿದ್ದರು. ಅವರಿಗೆ ದೊರೆಯ ವಿಷಯ ಗೊತ್ತಿರಲಿಲ್ಲ.

ದೊರೆ ಅಂದರೆ ಅವಳ ನಾಯಿ. ಹೆಸರು ದೊರೆಯಾದರೂ ತಿನ್ನುವುದು ತಂಗಳು ಮುದ್ದೆ. ಅವನು ಏರಿ ಬರಲೆಂದೇ ಆಳೆತ್ತರದ ಅಟ್ಟಣೆಗೆ ಹಲಗೆಯೊಂದನ್ನು ಇಳಿಜಾರಾಗಿ ಕಟ್ಟಿಸಿದ್ದಾಳೆ. ಪೊದೆಯಲ್ಲಿ ಸದ್ದಾದರೆ ದೊರೆ ಸುಮ್ಮನೆ ಬೊಗಳುತ್ತ ಕೂರುವುದಿಲ್ಲ. ಮುಂಗಾಲನ್ನು ಗುರುಮಲ್ಲವ್ವನ ಮೊಣಕಾಲ ಮೇಲಿಟ್ಟು ಸದ್ದು ಬಂದ ಕಡೆಗೆ ಮೂತಿ ತಿರುಗಿಸುತ್ತಾನೆ. ಅವಳು ಆ ಕಡೆ ಟಾರ್ಚ್ ಬಿಟ್ಟು ತಗಡಿನ ಡಬ್ಬ ಬಡಿಯುತ್ತಾಳೆ. ನಾಲ್ಕು ಬೆಳೆ ಹೀಗೇ ಉಳಿದಿವೆ. ಸಂಜೆ ಅಟ್ಟಣೆ ಹತ್ತಿದ ಮೇಲೆ ಸೆರಗಿನ ಗಂಟು ಬಿಚ್ಚಿ, ಕಡಲೆಬೀಜ ಮತ್ತು ಬೆಲ್ಲವನ್ನು ಅವನಿಗರ್ಧ ತನಗರ್ಧ ಹಂಚುವುದು ಅವಳ ರೂಢಿ.

ಮಗನಿಗೆ ಇದೆಲ್ಲ ಸರಿಕಾಣದು. ಒಂದು ಭಾನುವಾರ ತಾಯಿಯ ಎದುರು ಕೂತು ಕಡ್ಡಿ ಮುರಿದಂತೆ ಹೇಳಿದ್ದ:

“ದೊರೆ ಇರೋಗಂಟ ಓಗವ್ವ, ನಾ ಬ್ಯಾಡ ಅನ್ನಲ್ಲ. ಅವನಿಗೇನಾರ ಆದ್ರ ಮಾತ್ರ ಹೊಲವ ಯಾರ್ಗಾರ ವಾರಕ್ಕ ಕೊಟ್ಬುಡ್ತೀನಿ, ಅವ್ರೇ ಗೇದು ಬೆಳ್ದುದ್ರಲ್ಲಿ ಅರ್ಧ ಕೊಟ್ರ ಸಾಕು. ನೀ ಒಬ್ಬಳೇ ಅಲ್ಲಿ ಕೂರಂಗಿಲ್ಲ.”

ಗಂಡ ಗುರುಸಿದ್ದಯ್ಯ ಹೋದ ಮೇಲೆ ಗುರುಮಲ್ಲವ್ವ ಇಪ್ಪತ್ತು ವರ್ಷ ಒಬ್ಬಳೇ ಗೇದ ಹೊಲ ಅದು. ಆವತ್ತು ಅವಳು ಮುಖ ತಿರುಗಿಸಲಿಲ್ಲ, ಆಗಲಿ ಎಂದು ತಲೆಯಾಡಿಸಿದಳು.

ಈ ವರ್ಷ ಭರಣಿ ಮಳೆ ಚೆನ್ನಾಗಿ ಬಿತ್ತು. ಬಿತ್ತನೆಯ ಹಿಂದಿನ ದಿನ ಬೆಳಿಗ್ಗೆ ಗುರುಮಲ್ಲವ್ವ ಅಂಗಳದಲ್ಲಿ ಬೀಜಕ್ಕೆ ಔಷಧಿ ಸವರಲು ಕೂತಳು. ಗೊಣ್ಣೆಹುಳ ಬೇರು ತಿನ್ನದಿರಲೆಂದು ಹಾಕುವ ಪುಡಿ ಅದು. ಬರೀ ನೀರಲ್ಲಿ ಕಲಸಿದರೆ ಒಣಗಿದ ಮೇಲೆ ಉದುರಿಹೋಗುತ್ತದೆ. ಅದಕ್ಕೇ ನಮ್ಮ ಕಡೆ ತೆಳ್ಳಗೆ ಬೆಲ್ಲದ ನೀರು ಕಾಯಿಸಿ, ಆರಿಸಿ, ಅದರಲ್ಲಿ ಬೀಜ ಹೊರಳಿಸಿ ಮೇಲೆ ಪುಡಿ ಉದುರಿಸುವವರಿದ್ದಾರೆ. ಗುರುಮಲ್ಲವ್ವನೂ ಹಾಗೇ ಮಾಡಿ, ಬೀಜವನ್ನು ಗೋಣಿತಾಟಿನ ಮೇಲೆ ನೆರಳಲ್ಲಿ ಹರಡಿದಳು. ಕೋಳಿಗಳನ್ನು ಮೊದಲೇ ಮಂಕರಿ ಕೆಳಗೆ ಕವುಚಿದ್ದಳು, ಮೇಕೆಯನ್ನು ಹಿತ್ತಲಿಗೆ ಕಟ್ಟಿದ್ದಳು. ನಾಯಿಯನ್ನು ಮಾತ್ರ ಕಟ್ಟಲಿಲ್ಲ. ಬಿತ್ತನೆ ಬೀಜವನ್ನು ನಾಯಿ ತಿಂದೀತೆಂದು ಈ ಊರಲ್ಲಿ ಯಾರೂ ಅಂದುಕೊಳ್ಳುವುದಿಲ್ಲ. ಬೇರೆ ನಾಯಿಗಳು ತಿನ್ನುತ್ತಲೂ ಇರಲಿಲ್ಲವೇನೋ. ಆದರೆ ಈ ನಾಯಿಗೆ ಬೆಲ್ಲದ ಜೊತೆ ಕಡಲೆಬೀಜ ತಿನ್ನುವುದನ್ನು ಕಲಿಸಿದವಳು ಅವಳೇ. ದಿನಾ ಸಂಜೆ ಕೊಟ್ಟದ್ದು ಬೆಳಗಿನ ಹೊತ್ತಿಗೆ ಮರೆತುಹೋಯಿತಲ್ಲ ಎಂದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅವಳು ಒಳಗೆ ಹೋಗಿ ಸೋಪು ಹಾಕಿ ಕೈ ತೊಳೆದು, ರೊಟ್ಟಿ ತಿಂದು ಹೊರಗೆ ಬರುವಷ್ಟರಲ್ಲಿ ತಾಟಿನ ಒಂದು ಅಂಚು ಬರಿದಾಗಿತ್ತು. ನೀರಿಗೆ ಹೋಗಿದ್ದ ಸೊಸೆ ದಾನೇಶ್ವರಿ ಆಗಷ್ಟೇ ಬಂದಳು. ಅಂಗಳದ ಎತ್ತಿನ ಗಾಡಿಯ ಕೆಳಗೆ ದೊರೆ ನಿಂತಿದ್ದ. ಬಾಯಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು, ಹಿಂಗಾಲು ನಡುಗುತ್ತಿದ್ದವು. ದಾನೇಶ್ವರಿ ಕೊಡ ಇಳಿಸಿ ಕಿರುಚಿದಳು. ಅತ್ತೆಯೊಬ್ಬಳನ್ನು ಬಿಟ್ಟು ಇಡೀ ಬೀದಿಗೆ ಅದು ಕೇಳಿಸಿತು.

ನಾನು ಎದುರು ಮನೆಯವನು. ಚಪ್ಪಲಿ ಸಿಕ್ಕಿಸಿಕೊಂಡು ಓಡುವಷ್ಟರಲ್ಲಿ ಪುಟ್ಟಬಸಪ್ಪ ನನಗಿಂತ ಮುಂದಿದ್ದ. ಪಕ್ಕದ ಮನೆಯವನು, ಯಾರ ಮನೆಯಲ್ಲಿ ಏನಾದರೂ ಮೊದಲು ಹೋಗುವವನು. ಅವನ ಕೈಯಲ್ಲಿ ಆಗಲೇ ಒಂದು ಚೊಂಬು ಹುಣಿಸೆ ನೀರಿತ್ತು.

“ಬಾಯಿ ಅಗಲುಸ್ಲಾ, ಉಯ್ಯನ. ವಾಂತಿ ಆದ್ರ ಎಲ್ಲ ಈಚ್ಗ ಬತ್ತದ,” ಎಂದು ನನಗೆ ಹೇಳಿದ.

ಗುರುಮಲ್ಲವ್ವ ಗೋಡೆಗೊರಗಿಸಿದ್ದ ಬಾರುಕೋಲನ್ನು ತೆಗೆದುಕೊಂಡು ನಾಯಿಯ ಮುಂದೆ ಬಂದು ನಿಂತಳು.

“ಯಾರೂ ಏನೂ ಉಯ್ಯಂಗಿಲ್ಲ.”

ಅದಕ್ಕೆ ಕಾರಣವಿತ್ತು. ದೊರೆಗಿಂತ ಮುಂಚೆ ಆ ಮನೆಯಲ್ಲಿ ಹಂಡ ಎಂಬ ನಾಯಿ ಇತ್ತು. ಅದು ಎಲ್ಲೋ ಇಲಿ ಪಾಷಾಣ ತಿಂದು ಬಂದಾಗ ಬೀದಿಯವರೆಲ್ಲ ಸೇರಿ ಉಪಕಾರ ಮಾಡಿದ್ದೆವು. ಒಬ್ಬರು ಹುಣಿಸೆ ನೀರು ತಂದರು, ಒಬ್ಬರು ಉಪ್ಪುನೀರು, ಇನ್ನೊಬ್ಬರು ಕೊಬ್ಬರಿ ಎಣ್ಣೆ. ಮೂವರು ದವಡೆ ಹಿಡಿದು ಹೊಯ್ದರು. ಹಂಡ ಕೆಮ್ಮಿ ಕೆಮ್ಮಿ, ಮೂಗಿನಲ್ಲಿ ನೊರೆ ಬಂದು ಸತ್ತಿತು. ಆಮೇಲೆ ಬಂದ ಗುಂಡ್ಲುಪೇಟೆಯ ಪಶುವೈದ್ಯೆ ನೋಡಿ, ಹೊಯ್ದದ್ದೆಲ್ಲ ಶ್ವಾಸಕೋಶಕ್ಕೆ ಇಳಿದಿದೆ, ಹಾಗೇ ಕರೆತಂದಿದ್ದರೆ ಒಂದು ಕೈ ನೋಡಬಹುದಿತ್ತು ಎಂದಿದ್ದರು. ಗುರುಮಲ್ಲವ್ವ ಆವತ್ತು ಅವರ ತುಟಿಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ದಾನೇಶ್ವರಿ ಅವರ ನಂಬರನ್ನು ಮೊಬೈಲಿಗೆ ಹಾಕಿಟ್ಟುಕೊಂಡಿದ್ದಳು.

ಈಗ ಸ್ಪೀಕರ್ ಹಾಕಿ ಅದೇ ನಂಬರಿಗೆ ಫೋನ್ ಮಾಡಿದಳು. ಏನು ತಿಂದಿದೆ, ಎಷ್ಟು, ಯಾವಾಗ, ಈಗ ಹೇಗಿದೆ ಎಂದು ಡಾಕ್ಟರು ಒಂದೊಂದಾಗಿ ಕೇಳಿದರು. ದಾನೇಶ್ವರಿ ಅತ್ತೆಯ ಮುಖಕ್ಕೆ ಮುಖ ಕೊಟ್ಟು ಅದನ್ನೇ ಕೇಳಿ, ಉತ್ತರವನ್ನು ಫೋನಿಗೆ ಹೇಳಿದಳು. ಎರಡು ಬೊಗಸೆಯಷ್ಟು, ಒಂದು ರೊಟ್ಟಿ ತಿನ್ನುವ ಹೊತ್ತಿನೊಳಗೆ.

“ಅಲ್ಪ ಸ್ವಲ್ಪ ಹಾಲಾದ್ರೂ ಕುಡಿಸ್ಬೋದಾ ಮೇಡಂ?”

“ಹಾಲೂ ಬೇಡ, ಎಣ್ಣೆನೂ ಬೇಡ, ನೀರೂ ಬೇಡ. ನಡುಗ್ತಾ ಇರೋ ನಾಯಿಗೆ ವಾಂತಿ ಮಾಡಿಸಬಾರದು, ಅದು ಉಸಿರಿಗೆ ಹೋಗುತ್ತೆ. ಬಾಯನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಮಗ್ಗುಲಿಗೆ ಮಲಗಿಸಿ. ಜೊಲ್ಲು ಹೊರಗೆ ಇಳಿಯೋ ಹಾಗೆ ತಲೆ ತಗ್ಗಿಸಿರಲಿ. ಮುಟ್ಟಿದವರು ಕೈ ತೊಳ್ಕೊಳ್ಳಿ. ಔಷಧಿಯ ಕವರ್ ತಗೊಂಡು ಈಗಲೇ ಹೊರಡಿ.”

ಕವರು ಎಂದು ದಾನೇಶ್ವರಿ ಎದುರು ನಿಂತು ಹೇಳಿದ ತಕ್ಷಣ ಗುರುಮಲ್ಲವ್ವ ಕೊಟ್ಟಿಗೆಯ ಕಡೆಗೆ ನಡೆದಳು. ಅವಳಿಗೆ ಓದಲು ಬಾರದು. ಬೆಳೆಗೆ ತಂದ ಪ್ರತಿಯೊಂದು ಔಷಧಿಯ ಖಾಲಿ ಕವರನ್ನೂ ಕೊಟ್ಟಿಗೆಯ ಸೂರಿಗೆ, ಹೆಂಚಿನ ಸಂದಿಗೆ ಸಿಕ್ಕಿಸಿಡುತ್ತಾಳೆ. ಮುಂದಿನ ವರ್ಷ ಅದನ್ನೇ ತೆಗೆದುಕೊಂಡು ಹೋಗಿ ಅಂಗಡಿಯವನಿಗೆ ತೋರಿಸುತ್ತಾಳೆ. ನಾಲ್ಕಾರು ಕವರುಗಳ ನಡುವೆ ಬೇಕಾದದ್ದನ್ನು ಹುಡುಕುತ್ತ ಅವಳು ನಮಗೆ ಬೆನ್ನು ಹಾಕಿ ನಿಂತಳು.

ಪುಟ್ಟಬಸಪ್ಪನಿಗೆ ಅಷ್ಟೇ ಸಾಕಾಯಿತು. ಕೆಟ್ಟವನಲ್ಲ, ಒದ್ದಾಡುವ ಜೀವವನ್ನು ನೋಡಿಕೊಂಡು ಸುಮ್ಮನಿರಲಾರ. ಮೊಣಕಾಲೂರಿ ಕೂತು ದೊರೆಯ ದವಡೆ ಎತ್ತಿದ. “ಅತ್ತೆ, ಅತ್ತೆ” ಎಂದು ದಾನೇಶ್ವರಿ ಕೂಗಿದಳು. ಅವಳಿಗೆಲ್ಲಿ ಕೇಳಬೇಕು. ನಾನು ಪುಟ್ಟಬಸಪ್ಪನ ತೋಳು ಹಿಡಿದರೆ ಕೊಸರಿಕೊಂಡ. ಅಷ್ಟರಲ್ಲಿ ಕವರು ಸಿಕ್ಕಿ ಗುರುಮಲ್ಲವ್ವ ತಿರುಗಿದಳು, ನೋಡಿದಳು, ಓಡಿಬಂದು ಕೈಯಲ್ಲೇ ಇದ್ದ ಬಾರುಕೋಲು ಬೀಸಿದಳು. ಚೊಂಬು ಹಾರಿತು. ಹುಣಿಸೆ ನೀರೆಲ್ಲ ಪುಟ್ಟಬಸಪ್ಪನ ಬಿಳಿ ಪಂಚೆಯ ಮೇಲೆ ಬಿತ್ತು.

“ಹಂಡನ ನೀ ಒಬ್ಬನೇ ಸಾಯ್ಸನಿಲ್ಲ ಕಣ ಪುಟ್ಟಬಸಪ್ಪ, ನಾವೆಲ್ಲ ಸೇರ್ಕಂಡು ಸಾಯ್ಸುದ್ದು,” ಎಂದಳು. “ಇವನ್ನೂ ಸಾಯ್ಸಕ್ಕ ನಾ ಬುಡಲ್ಲ.”

ಅವನು ಎದ್ದು ಹೋಗಿ ಬೀದಿಯ ತುದಿಯಲ್ಲಿ ಚೆಂಡುಹೂವಿನ ಮೂಟೆ ಹೇರಿಕೊಂಡು ಹೊರಟಿದ್ದ ಕಿರಣ್ ಕುಮಾರನ ಲಗೇಜ್ ಆಟೋ ನಿಲ್ಲಿಸಿ, ತಾನೇ ನಾಲ್ಕು ಮೂಟೆ ಇಳಿಸಿ ಜಾಗ ಮಾಡಿದ.

ಮೂಟೆಗಳ ನಡುವೆ ದೊರೆಯನ್ನು ಮಗ್ಗುಲಾಗಿ ಮಲಗಿಸಿ, ಅತ್ತೆ ಸೊಸೆಯರ ಜೊತೆ ನಾನೂ ಹತ್ತಿದೆ. ದಾರಿಯುದ್ದಕ್ಕೂ ಗುರುಮಲ್ಲವ್ವ ನಾಯಿಯ ತಲೆ ತಗ್ಗಿಸಿ ಹಿಡಿದು ಜೊಲ್ಲು ಒರೆಸಿದಳು. ನಾಯಿ ಹೋದರೆ ಹೊಲವೂ ಹೋಯಿತು ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಆದರೆ ಅವಳ ಮುಖ ನೋಡಿದರೆ ಆ ಹೊತ್ತಿನಲ್ಲಿ ಹೊಲದ ಯೋಚನೆ ಅವಳಿಗೆ ಇದ್ದಂತೆ ಕಾಣಲಿಲ್ಲ.

ಗುಂಡ್ಲುಪೇಟೆಯಲ್ಲಿ ಡಾಕ್ಟರು ಮೇಜು ಖಾಲಿ ಮಾಡಿಸಿಕೊಂಡು ಕಾಯುತ್ತಿದ್ದರು. ಮೊದಲು ಕವರು ಓದಿದರು. ಆಮೇಲೆ ನಾಯಿಯ ಕಣ್ಣಿಗೆ ಬೆಳಕು ಬಿಟ್ಟು, ಪಾಪೆ ಸಾಸಿವೆಯಷ್ಟಾಗಿದೆ ಎಂದು ತೋರಿಸಿ, ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಯಾವ ಔಷಧಿ ಎಂದು ತಿಳಿದಿದ್ದರಿಂದ ಹುಡುಕಾಟವಿರಲಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟು, “ಏನೂ ಹುಯ್ದಿಲ್ಲ ತಾನೆ?” ಎಂದರು. ಇಲ್ಲವೆಂದು ದಾನೇಶ್ವರಿ ಹೇಳಿದಳು. “ಅದೊಂದು ಒಳ್ಳೇ ಕೆಲಸ ಮಾಡಿದಿರಿ.”

ಬಿತ್ತನೆ ಬೀಜವನ್ನು ನಾಯಿ ಯಾಕೆ ತಿಂದಿತು ಎಂದು ಅವರು ಕೇಳಿದಾಗ ಗುರುಮಲ್ಲವ್ವ ಬೆಲ್ಲದ ನೀರಿನ ಕತೆಯನ್ನೂ ಸೆರಗಿನ ಗಂಟಿನ ಕತೆಯನ್ನೂ ಬಿಡದೆ ಹೇಳಿದಳು. “ನಾ ಕೋಳಿ ಮುಚ್ಚುದಿ, ಮೇಕ ಕಟ್ದಿ, ಇವನ್ನ ಮರ್ತ್‌ಬುಟ್ಟಿ. ತಪ್ಪು ನಂದೇ ಕಣವ್ವ.” ಡಾಕ್ಟರು ಬೈಯಲಿಲ್ಲ.

ಸಂಜೆಯ ಹೊತ್ತಿಗೆ ನಡುಕ ನಿಂತಿತ್ತು. ಮನೆಗೆ ಕಳಿಸುವಾಗ ಡಾಕ್ಟರು ಗುರುಮಲ್ಲವ್ವನ ಎದುರಿಗೇ ಬಂದು ನಿಧಾನವಾಗಿ ಹೇಳಿದರು:

“ವಿಷ ಇನ್ನೂ ಪೂರ್ತಿ ಇಳಿದಿಲ್ಲ. ಬೆಳಗಿನವರೆಗೆ ಇದರ ಉಸಿರು ಕೇಳ್ತಾ ಇರಬೇಕು. ಗೊರಗೊರ ಅಂತ ಸದ್ದು ಬಂದರೆ ತಡ ಮಾಡದೆ ಫೋನ್ ಮಾಡಿ.”

ಗುರುಮಲ್ಲವ್ವ ಅವರ ತುಟಿಯನ್ನೇ ನೋಡುತ್ತಿದ್ದವಳು ನೆಲ ನೋಡಿದಳು. ತಾನು ಕೇಳಿಸಿಕೊಳ್ಳುತ್ತೇನೆ ಎಂದು ದಾನೇಶ್ವರಿ ಅವಳ ಕೈ ಮುಟ್ಟಿ ಹೇಳಿದಳು.

ಮನೆಗೆ ಬಂದದ್ದೇ ಗುರುಮಲ್ಲವ್ವ ಟ್ರಂಕು ಎಳೆದು, ಸೀರೆಗಳನ್ನೆಲ್ಲ ಹೊರಗೆ ಹಾಕಿ, ತಳದಿಂದ ಮಿಷನ್ ತೆಗೆದಳು. ಹೊಸ ಸೆಲ್ಲು ಹಾಕಿ ಕಿವಿಗೆ ಕೂರಿಸಿಕೊಟ್ಟವಳು ದಾನೇಶ್ವರಿ. ಪಾತ್ರೆ ಸದ್ದಿಗೆ ಗುರುಮಲ್ಲವ್ವ ಒಮ್ಮೆ ಮುಖ ಸಿಂಡರಿಸಿದಳು, ಆಮೇಲೆ ನಾಯಿಯ ಪಕ್ಕ ಮಲಗಿ ಅದರ ಎದೆಯ ಹತ್ತಿರ ತಲೆಯಿಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಎದ್ದಾಗ ಕಣ್ಣು ಒದ್ದೆಯಾಗಿತ್ತು.

“ಇಷ್ಟು ಸದ್ದು ಮಾಡ್ಕಂಡು ಉಸ್ರಾಡ್ತನಾ ಇವ್ನು,” ಎಂದಳು.

ಬೆಳಗಾಗುವ ಮುಂಚೆ ಗೊರಗೊರ ಸದ್ದು ಬಂದೇ ಬಂತು. ಕೂತಲ್ಲೇ ತೂಕಡಿಸುತ್ತಿದ್ದ ದಾನೇಶ್ವರಿಗೆ ಅದು ಗೊತ್ತಾಗಲಿಲ್ಲ, ಗುರುಮಲ್ಲವ್ವನೇ ಅವಳನ್ನು ತಟ್ಟಿ ಎಬ್ಬಿಸಿದಳು. ಕಿರಣ್ ಕುಮಾರ್ ಮೊದಲ ಟ್ರಿಪ್ಪಿನಲ್ಲೇ ಕರೆದುಕೊಂಡು ಹೋದ. ಇನ್ನೊಂದು ಇಂಜೆಕ್ಷನ್ ಬಿದ್ದ ಮೇಲೆ ದೊರೆ ಉಳಿದುಕೊಂಡ. ಉಳಿದದ್ದಷ್ಟೇ. ಕಾಲಲ್ಲಿ ಬಲವಿಲ್ಲ, ಬೊಗಳಿದರೆ ದನಿ ಹೊರಡದು, ಇಡೀ ದಿನ ನಿದ್ದೆ. ಮೊದಲಿನಂತಾಗಲು ಕೆಲವು ವಾರ ಬೇಕು ಎಂದರು ಡಾಕ್ಟರು.

ಗುರುಮಲ್ಲವ್ವ ಬಿತ್ತನೆ ನಿಲ್ಲಿಸಲಿಲ್ಲ. ಆ ಬೀಜವನ್ನೇ ಬಿತ್ತಿಸಿ, ಗೋಣಿತಾಟನ್ನು ಹೊಲದ ಮೂಲೆಯಲ್ಲಿ ಹೂಳಿಸಿದಳು. ಸೆರಗಿನ ಗಂಟೂ ಆವತ್ತಿಗೇ ನಿಂತಿತು, ಈಗ ಅವನಿಗೆ ಗಂಜಿ.

ಭಾನುವಾರ ಮಲ್ಲಿಕಾರ್ಜುನಸ್ವಾಮಿ ಬಂದ. ಹೆಂಡತಿಯಿಂದ ಎಲ್ಲ ಕೇಳಿಕೊಂಡು, ಸಂಜೆ ನನ್ನನ್ನು ಜೊತೆಗೆ ಕರೆದುಕೊಂಡು ಹೊಲದ ಕಡೆ ಹೊರಟ. ಮಾತು ಕೊಟ್ಟಂತೆ ವಾರಕ್ಕೆ ಕೊಡುವುದೇ ಸರಿ, ಅವ್ವನಿಗೆ ನೀನೂ ಒಂದು ಮಾತು ಹೇಳು ಎಂದು ದಾರಿಯಲ್ಲಿ ನನ್ನನ್ನು ಒಪ್ಪಿಸುತ್ತಿದ್ದ. ಅಟ್ಟಣೆಯ ಮೇಲೆ ಗುರುಮಲ್ಲವ್ವ ಕಾಡಿನ ಕಡೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ಕೂತಿದ್ದಳು. ದೊರೆ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ನಾವು ಹೊಸ ಮಣ್ಣಿನ ಸಾಲು ತುಳಿಯದೆ ಬದುವಿನ ಮೇಲೆ ಮೆಲ್ಲಗೆ ನಡೆದು ಬರುತ್ತಿದ್ದೆವು.

“ಯಾರ್ಲಾ ಅದು,” ಎಂದಳು, ತಿರುಗದೆಯೇ. “ಮಲ್ಲಿನಾ?”

ಮಲ್ಲಿಕಾರ್ಜುನಸ್ವಾಮಿ ಬದುವಿನ ಮೇಲೆ ನಿಂತುಬಿಟ್ಟ. ಹಿಂದಿನಿಂದ ಬಂದ ಮಗನ ಹೆಜ್ಜೆಯನ್ನು ತಾಯಿ ಗುರುತಿಸಿ ಎಷ್ಟು ವರ್ಷವಾಗಿತ್ತೋ. “ನಾನೇ ಕಣವ್ವ,” ಎಂದ. ವಾರದ ಮಾತನ್ನು ಅವನು ಎತ್ತಲಿಲ್ಲ.

ನಮ್ಮ ಮಾತಿಗೆ ದೊರೆ ತಡವಾಗಿ ಎಚ್ಚೆತ್ತು, ರೂಢಿಯಂತೆ ಮುಂಗಾಲನ್ನು ಅವಳ ಮೊಣಕಾಲ ಮೇಲೆ ಇಡಲು ಹೋದ. ಗುರುಮಲ್ಲವ್ವ ಆ ಕಾಲನ್ನು ಕೈಯಲ್ಲಿ ಹಿಡಿದು ಕೆಳಗಿಟ್ಟು, ಅವನ ತಲೆಯನ್ನು ಮತ್ತೆ ತೊಡೆಯ ಮೇಲೆ ಒತ್ತಿದಳು.

“ನೀ ಮನಿಕೊ,” ಎಂದಳು. “ನಂಗ ಕೇಳ್ತದ.”