ಗಿರಿಜಕ್ಕನ ಕೊನೆಯ ಸ್ಥಾನದ ತಂಡ

ಸತ್ತು ಎಷ್ಟೋ ವರ್ಷಗಳಾಗಿದ್ದ ಅಮೆರಿಕದ ಬೇಸ್‌ಬಾಲ್ ಆಟಗಾರರನ್ನು ಗಿರಿಜಕ್ಕ ಧಾರವಾಡದ ಕನ್ನಡದಲ್ಲಿ ಬೈಯುತ್ತಿದ್ದರು. ಮೇಜಿನ ಮೇಲೆ ಅಂಗೈಯಗಲದ ಕಾರ್ಡು, ಕೈಯಲ್ಲಿ ದಾಳ. "ಏ ಗಡ್ಡಪ್ಪ, ಕಣ್ಣು ತಗದು ನೋಡೋ! ಚೆಂಡು ಹೊರಗ ಹೊಂಟದ, ಯಾಕ ಬೀಸ್ತಿ?" ಸುತ್ತ ಕೂತ ಡಚ್ ಅಜ್ಜಂದಿರು ಒಂದಕ್ಷರ ತಿಳಿಯದಿದ್ದರೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಡಚ್ಚರ ಊರಾದ ವೆಲ್ಡ್‌ಹೋವನ್‌ನಲ್ಲಿ ಅವರು ನಮ್ಮ ಕೆಳಗಿನ ಮನೆಯವರು. ಊರಲ್ಲಿ ಹದಿನಾಲ್ಕು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವರು, ಗಂಡ ಪ್ರಹ್ಲಾದರಾಯರ ನೌಕರಿಯ ಹಿಂದೆ ಇಲ್ಲಿಗೆ ಬಂದಿದ್ದರು. ಡಚ್ ಬಾರದೆ ಇಲ್ಲಿ ಯಾವ ಕಾಲೇಜೂ ಕರೆಯಲಿಲ್ಲ. "ಈ ದೇಶದಾಗ ನನ್ನ ಕೆಲಸ ಎರಡ. ಮುಂಜಾನೆ ಡಬ್ಬಿ ಕಟ್ಟೂದು, ಆಮ್ಯಾಲೆ ಕಿಟಕ್ಯಾಗ ನಿಂತು ಗಾಳಿ ನೋಡೂದು" ಎನ್ನುತ್ತಿದ್ದರು. ಒಂದು ದಿನ ಲೈಬ್ರರಿಯ ಗೋಡೆಯ ಮೇಲಿದ್ದ ಚೀಟಿ ತೋರಿಸಿ, "ಸುಮಾ, ಇದರಾಗ ಅಂಕಿ ಭಾಳ ಅದಾವ, ಏನಿದು?" ಎಂದು ಕೇಳಿದರು. ಹಳೆಯ ಬೇಸ್‌ಬಾಲ್ ಸೀಸನ್‌ಗಳನ್ನು ಮೇಜಿನ ಮೇಲೆ ಮತ್ತೆ ಆಡುವ ಒಂದು ಲೀಗ್. ಶನಿವಾರ ಮಧ್ಯಾಹ್ನ, ಬಡಾವಣೆಯ ಸಮುದಾಯ ಭವನದಲ್ಲಿ. ನನಗೆ ಅಷ್ಟಿಷ್ಟು ಡಚ್ ಬರುತ್ತಿದ್ದುದರಿಂದ ಜೊತೆಗೆ ಹೋದೆ. ಹಾಗೇ ಅವರ ದುಭಾಷಿಯಾದೆ.

ಆಟ ಸರಳ. ಪ್ರತಿ ಆಟಗಾರನಿಗೂ ಒಂದು ಕಾರ್ಡು. ಆ ವರ್ಷ ಅವನು ನಿಜವಾಗಿ ಹೇಗೆ ಆಡಿದ್ದನೋ ಅದರ ಅಂಕಿಗಳು ಅದರಲ್ಲಿ. ದಾಳ ಉರುಳಿಸಿದರೆ ಅವನು ಹೊಡೆದನೋ ಔಟಾದನೋ ತಿಳಿಯುತ್ತದೆ. ಒಂದು ಸೀಸನ್ ಮುಗಿದ ಮೇಲೆ ಮರುವರ್ಷದ ಕಾರ್ಡುಗಳ ಪೆಟ್ಟಿಗೆ ತೆರೆಯುತ್ತಾರೆ. ಯಾರು ಮೇಲೇಳುತ್ತಾರೆ, ಯಾರು ಬೀಳುತ್ತಾರೆ ಎಂಬುದೆಲ್ಲ ಎಂದೋ ನಡೆದುಹೋದದ್ದು. ಅದನ್ನು ಮೊದಲೇ ಹುಡುಕಿ ನೋಡಬಾರದು, ಯಾರಿಗೂ ಹೇಳಬಾರದು ಎಂಬುದೊಂದೇ ಕಟ್ಟುನಿಟ್ಟಿನ ನಿಯಮ.

ಎಂಟು ತಂಡಗಳಲ್ಲಿ ಖಾಲಿ ಇದ್ದದ್ದು ಒಂದೇ. ಅದರ ಯಜಮಾನ ತೀರಿಕೊಂಡಿದ್ದ. ತಂಡ ವರ್ಷಾನುಗಟ್ಟಲೆ ಕೊನೆಯ ಸ್ಥಾನ ಬಿಟ್ಟು ಕದಲಿರಲಿಲ್ಲ. ಲೀಗ್ ನಡೆಸುತ್ತಿದ್ದ ನಿವೃತ್ತ ಅಂಚೆಯಣ್ಣ ವಿಮ್ ಸಂಕೋಚದಿಂದ ಅದನ್ನು ಮುಂದೆ ತಳ್ಳಿದ. "ಫೇಲಾದ ಹುಡುಗರನ್ನ ಪಾಸ್ ಮಾಡ್ಸಿದಾಕಿ ನಾ. ಕೊಡು ಅನ್ನು ಇಲ್ಲೆ" ಎಂದರು ಗಿರಿಜಕ್ಕ.

ಹೆಸರಿದ್ದ, ವಯಸ್ಸಾಗುತ್ತಿದ್ದ ಹೊಡೆತಗಾರರನ್ನೆಲ್ಲ ಬೇರೆ ತಂಡಗಳಿಗೆ ಬಿಟ್ಟುಕೊಟ್ಟು, ಯಾರಿಗೂ ಬೇಡವಾದವರನ್ನು ಆರಿಸಿದರು. ಬೇಸ್‌ಬಾಲಿನಲ್ಲಿ ನಾಲ್ಕು ಕೆಟ್ಟ ಎಸೆತಗಳನ್ನು ಮುಟ್ಟದೆ ಬಿಟ್ಟರೆ ದಾಂಡಿಗನಿಗೆ ಮೊದಲ ಬೇಸ್, ಎಂದರೆ ಓಟದ ಮೊದಲ ಮೆಟ್ಟಿಲು, ಪುಕ್ಕಟೆ. ಗಿರಿಜಕ್ಕನಿಗೆ ಬೇಕಾದದ್ದು ಅಂಥ ತಾಳ್ಮೆಯವರು. "ದೊಡ್ಡದು ಹೊಡಿಯೂದು ಬ್ಯಾಡ. ಮೊದಲ ಸುಮ್ಮ ನಿಂದರೂದು ಕಲೀರಿ" ಎಂದು ಕಾರ್ಡುಗಳಿಗೆ ಪಾಠ ಹೇಳುತ್ತಿದ್ದರು. ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಒಗ್ಗದೆ ಗಡ್ಡಪ್ಪ, ಸಣ್ಣಾವ, ಮಾವಶಿ ಮಗ ಎಂದು ತಾವೇ ನಾಮಕರಣ ಮಾಡಿದ್ದರು. ಮೊದಲ ಸೀಸನ್ ಮತ್ತೆ ಕೊನೆಯ ಸ್ಥಾನ. ಎರಡನೆಯದರಲ್ಲಿ ಆರನೆಯದು. ಮೂರನೆಯದರ ನಡುವಿಗೆ ನಾಲ್ಕನೆಯ ಸ್ಥಾನಕ್ಕೆ ಬಂದಾಗ ಅಜ್ಜಂದಿರಿಗೆಲ್ಲ ಚುರುಮುರಿ ಮಾಡಿ ತಂದರು. ಖಾರಕ್ಕೆ ವಿಮ್‌ನ ಕಣ್ಣಲ್ಲಿ ನೀರು.

ಅವತ್ತೇ ಅವನು ತನ್ನ ಎಡಗೈ ಪಿಚರ್‌ನನ್ನು, ಕ್ರಿಕೆಟ್ಟಿನ ಬೌಲರ್‌ನಂಥವನನ್ನು, ಕೊಡುತ್ತೇನೆಂದ. ಬದಲಿಗೆ ಗಿರಿಜಕ್ಕನ ಇಬ್ಬರು ಎಳೆಯ ದಾಂಡಿಗರು ಬೇಕು. ಮುಂದಿನ ಶನಿವಾರ ಉತ್ತರ ಹೇಳುವುದೆಂದಾಯಿತು. ಆ ಶನಿವಾರ ಬಸ್ಸಿಗೆ ಕಾಯುತ್ತಾ ನಾನು ಸುಮ್ಮನೆ ಕುತೂಹಲಕ್ಕೆ ಫೋನಿನಲ್ಲಿ ಆ ಪಿಚರ್‌ನ ಹೆಸರು ಹುಡುಕಿದೆ. ನಾವು ಆಡುತ್ತಿದ್ದ ಆ ವರ್ಷದ ಕೊನೆಗೆ ಅವನ ಭುಜ ಹೋಗಿತ್ತು. ಆಮೇಲೆ ಅವನು ಆಡಿಯೇ ಇರಲಿಲ್ಲ.

ಮೇಜಿನ ಬಳಿ ಗಿರಿಜಕ್ಕನ ಮುಖ ಬೆಳಗುತ್ತಿತ್ತು. "ಏನಂತಿ ಸುಮಾ, ಹೂಂ ಅನ್ಲೇನು?"

"ನಿಮ್ಮಿಷ್ಟ ಅಕ್ಕ. ನನಗೇನ್ ಗೊತ್ತಾಗತ್ತೆ ಇದೆಲ್ಲಾ" ಎಂದೆ. ಅವರ ಹೂಂ ಅನ್ನು ಡಚ್‌ನಲ್ಲಿ ವಿಮ್‌ಗೆ ಹೇಳಿದವಳೂ ನಾನೇ.

ಆ ಸೀಸನ್ ತಂಡ ಎರಡನೆಯ ಸ್ಥಾನಕ್ಕೆ ಬಂತು. ಮೂರು ತಿಂಗಳು ಗಿರಿಜಕ್ಕ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ "ಎಡಚ" ಹೇಗೆ ಎಸೆದನೆಂದು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಆಮೇಲೆ ಹೊಸ ಪೆಟ್ಟಿಗೆ ತೆರೆದರು. ಅವರು ತಮ್ಮ ತಂಡದ ಕಾರ್ಡುಗಳನ್ನು ಎರಡು ಸಲ ಎಣಿಸಿದರು, ಮೇಜಿನ ಕೆಳಗೆ ಬಗ್ಗಿ ನೋಡಿದರು. "ಬಂದಿಲ್ಲ. ನಮ್ಮ ಎಡಚ ಬಂದಿಲ್ಲ." ವಿಮ್ ಬೆಪ್ಪಾಗಿ ಕೂತ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ತಂಡ ಸಾಲಾಗಿ ಹತ್ತು ಪಂದ್ಯ ಸೋತಿತು.

ಅದೇ ವಸಂತದಲ್ಲಿ ಒಂದು ಸಂಜೆ ಅವರು ನಮ್ಮ ಅಡುಗೆಮನೆಗೆ ಬಂದು ಕೂತರು. "ಇವರ ಕಾಂಟ್ರ್ಯಾಕ್ಟ್ ಮುಗೀತಂತ. ಇಲ್ಲೆ ಇರೂ ಪರ್ಮಿಟ್ಟೂ ಹೋಗ್ತದ. ನಾಕು ತಿಂಗಳ ಹಿಂದನ ಆಫೀಸಿನ್ಯಾಗ ಹೇಳಿದ್ರಂತ, ನನಗ ಹೇಳಿಲ್ಲ. ಯಾಕ್ರೀ ಅಂದ್ರ, ಶನಿವಾರ ಬಂದ್ರ ನೀ ನಗತಿದ್ದಿ, ಹ್ಯಾಂಗ ಹೇಳಲಿ ಅಂದ್ರು."

ಒಮ್ಮೆ ಸಕ್ಕರೆ ಹಾಕಿದ್ದ ಚಹಾಕ್ಕೆ ನಾನು ಮತ್ತೆ ಹಾಕಿದೆ. ಆ ಹೊತ್ತಿಗಾದರೂ ಎಡಚನ ವಿಷಯ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಪ್ರಹ್ಲಾದರಾಯರು ಕಂಡಕಂಡಲ್ಲಿ ಕೆಲಸಕ್ಕೆ ಅರ್ಜಿ ಹಾಕಿದರು. ಇವರನ್ನು ಇಲ್ಲೇ ಇರಲು ಬಿಡಿ ಎಂದು ವಿಮ್ ತನ್ನ ನಡುಗುವ ಅಕ್ಷರದಲ್ಲಿ ಪುರಸಭೆಗೆ ಪತ್ರ ಬರೆದ. ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ವಿನಯದ ಉತ್ತರ ಬಂತು. ಗಿರಿಜಕ್ಕ ಮಾತ್ರ ಹೊರಡುವ ವಾರದವರೆಗೂ ಶನಿವಾರ ತಪ್ಪಿಸದೆ ಬಂದು ಸೋತರು.

ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ನಾನೂ ರೈಲಿನಲ್ಲಿ ಹೋದೆ. ರಾಯರು ಸೂಟ್‌ಕೇಸು ತೂಗಿಸಲು ಸಾಲಿನಲ್ಲಿ ನಿಂತಾಗ ಹೇಳಿಬಿಟ್ಟೆ. "ಅಕ್ಕ, ಎಡಚನ ಭುಜ ಹೋಗತ್ತೆ ಅಂತ ನನಗೆ ಆವತ್ತೇ ಗೊತ್ತಿತ್ತು. ಫೋನಲ್ಲಿ ನೋಡಿದ್ದೆ."

ಅವರು ಸಾಲಿನಿಂದ ಕಣ್ಣು ತೆಗೆದು ನನ್ನತ್ತ ತಿರುಗಿದರು. "ಹೇಳಬಾರದು ಅಂತ ರೂಲ್ಸ್ ಇತ್ತು, ಖರೆ. ಆದ್ರ ನೀ ರೂಲ್ಸ್‌ಗೋಸ್ಕರ ಸುಮ್ಮನಿದ್ದಿಲ್ಲ, ಹೌದಿಲ್ಲೋ?"

"ಇಲ್ಲ. ನೀವು ಅಷ್ಟು ಖುಷಿಯಾಗಿದ್ರಿ."

"ಅವರೂ ಹಂಗ, ನೀನೂ ಹಂಗ. ಎಲ್ಲಾರೂ ನನ್ನ ಖುಷಿ ಕಾಯ್ಕೋತ ಕುಂತೀರಿ. ನಾ ಏನ್ ಸಣ್ಣ ಹುಡುಗಿ ಏನವಾ?"

ರಾಯರು ಕೈ ಬೀಸಿ ಕರೆದರು. ಗಿರಿಜಕ್ಕ ನನ್ನ ಜಾಕೆಟ್ಟಿನ ಜಿಪ್ಪನ್ನು ಗದ್ದದವರೆಗೆ ಎಳೆದು, "ಹೊರಗ ಥಂಡಿ ಅದ. ಮನಿ ಮುಟ್ಟಿದ ಮ್ಯಾಲೆ ಫೋನ್ ಮಾಡು" ಎಂದು ಹೋದರು.

ಮನೆ ಮುಟ್ಟಿದ ಕೂಡಲೇ ಮಾಡಿದೆ. ಅಷ್ಟರಲ್ಲಿ ವಿಮಾನ ಹೊರಟು ಅವರ ಫೋನು ಸ್ವಿಚ್ ಆಫ್ ಆಗಿತ್ತು.