ಅವರು ಮುಗಿಸದ ದನಿಪೆಟ್ಟಿಗೆ

ಬೆಳಿಗ್ಗೆ ನಮ್ಮ ಮನೆಯಲ್ಲಿ ಮೊದಲು ಮಾತಾಡುತ್ತಿದ್ದವರು ತೀರಿಹೋದ ನನ್ನ ಗಂಡ. ಪೂಜೆ ಮುಗಿಸಿದ ಅತ್ತೆ ಕಂಪ್ಯೂಟರ್ ಹಚ್ಚಿ, ಪಕ್ಕದ ತಗಡಿನ ಪೆಟ್ಟಿಗೆಯ ಸ್ವಿಚ್ ಹಾಕಿ, ಮಗ ಕಲಿಸಿಕೊಟ್ಟಿದ್ದ ಒಂದೇ ಒಂದು ಗುಂಡಿ ಒತ್ತುತ್ತಿದ್ದರು. ಸ್ಪೀಕರಿನಿಂದ ದನಿ ಬರುತ್ತಿತ್ತು.

"ಒಂದು, ಎರಡು, ಮೂರು... ಯವ್ವಾ, ಕೇಳಸಾಕತ್ತೈತೇನು?"

"ಕೇಳಸಾಕತ್ತೈತೋ ಯಪ್ಪಾ," ಎಂದು ಅತ್ತೆ ಉತ್ತರ ಕೊಟ್ಟು ಕೂಡಲೇ ಪೆಟ್ಟಿಗೆಯ ಸ್ವಿಚ್ ತೆಗೆಯುತ್ತಿದ್ದರು. ದನಿ ಅಲ್ಲಿಗೆ ಕತ್ತರಿಸಿದಂತೆ ನಿಲ್ಲುತ್ತಿತ್ತು. ದೀಪ ಆರಿಸು ಎನ್ನಬಾರದು, ಶಾಂತ ಮಾಡು ಎನ್ನಬೇಕು ಎಂದು ಕಲಿತು ಬೆಳೆದವರು ನಾವು. ಆ ಪೆಟ್ಟಿಗೆಗೂ ಅವರು ಅದೇ ಮಾತು ಬಳಸುತ್ತಿದ್ದರು. ಹೋದವರನ್ನು ಮಾತಿಗೆ ಹೆಚ್ಚು ಹೊತ್ತು ನಿಲ್ಲಿಸಿಕೊಂಡರೆ ಅವರಿಗೆ ದಾರಿ ತಪ್ಪುತ್ತದೆ ಎಂಬುದು ಅವರ ನಂಬಿಕೆ.

ಆ ಹೊತ್ತಿಗೆ ನಾನು ಅಡಿಗೆಮನೆಯಲ್ಲಿ ಬೇಕಂತಲೇ ಜೋರಾಗಿ ರೊಟ್ಟಿ ಬಡಿಯುತ್ತಿದ್ದೆ. ಆ ದನಿಯನ್ನು ನಾನಾಗಿ ಹಚ್ಚಿ ಕೇಳಿದ್ದೇ ಇಲ್ಲ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು, ಗೊತ್ತು, ಆದರೂ ಪಟ್ಟೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ, ಸರಿ. ಆ ಉಪ್ಪು ಹಾಕಿ ಅಡಿಗೆ ಮಾಡಿದವಳೂ ಒಬ್ಬಳಿದ್ದಳಲ್ಲ? ಅವಳಿಗೆ ಅವರು ಒಂದು ಮಾತೂ ಬಿಟ್ಟುಹೋಗಿರಲಿಲ್ಲ.

ನಾವು ಬಿಜಾಪುರದ ಕಡೆಯಿಂದ ಬಂದು ಸನತ್‌ನಗರದಲ್ಲಿ ನೆಲೆಸಿದವರು. ಸ್ಟೆಬಿಲೈಸರ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಬೆಸುಗೆ ಹಾಕುವುದನ್ನು ನನಗೆ ಕಲಿಸಿದವರು ಅವರೇ. ಆಗ ಹತ್ತಿರದ ಅಮೀರ್‌ಪೇಟೆಯ ತುಂಬ ಕಂಪ್ಯೂಟರ್ ಕಲಿಯುವ ಹುಡುಗರು. ಯಾವುದೋ ಕಂಪನಿ ಹೊರಗೆ ಹಾಕಿದ್ದ ಒಂದು ಹಳೆಯ ಕಂಪ್ಯೂಟರ್ ಆ ಹುಡುಗರ ಮೂಲಕ ನಮ್ಮ ಮನೆಗೂ ಬಂತು. ಅದರ ದನಿ ಇವರಿಗೆ ಹಿಡಿಸಲಿಲ್ಲ. ಕಂಪ್ಯೂಟರಿನೊಳಗೆ ದನಿ ಎಂಬುದು ಬರೀ ಅಂಕಿಗಳ ರಾಶಿ, ಅದನ್ನು ಮತ್ತೆ ದನಿಯಾಗಿ ಬಿಡಿಸಲು ಬೇರೆಯೇ ಒಂದು ಪೆಟ್ಟಿಗೆ ಬೇಕು ಎಂದು ಹೇಳಿ, ಸ್ಟೆಬಿಲೈಸರಿನ ಖಾಲಿ ಡಬ್ಬಿಯಲ್ಲಿ ತಾವೇ ಜೋಡಿಸಿದರು. ಅದನ್ನು ಪರೀಕ್ಷಿಸಲು ಮೈಕಿನಲ್ಲಿ ಹಿಡಿದಿಟ್ಟದ್ದೇ ಆ ಮಾತು. ಅದಾದ ಮೇಲೆ ಕಾಮಾಲೆ ಬಂತು, ಅವರು ಮತ್ತೆ ಆ ಡಬ್ಬಿಯ ಮುಂದೆ ಕೂರಲಿಲ್ಲ.

ಕೆಲವು ವರ್ಷ ನಡೆಯಿತು. ಆಮೇಲೆ ದನಿಯ ಜೊತೆ ಗುಂಯ್ ಎನ್ನುವ ಸದ್ದು ಸೇರಿಕೊಂಡಿತು. ಸದ್ದು ಬೆಳೆಯುತ್ತಾ ಹೋಗಿ, ಒಂದು ಭಾನುವಾರ ಅದೊಂದೇ ಉಳಿಯಿತು. ಅತ್ತೆ ಪೆಟ್ಟಿಗೆಯ ಮುಂದೆ ಕೂತೇ ಇದ್ದರು. ಊಟಕ್ಕೆ ಕರೆದರೆ, ಅವ ಇವತ್ತು ಕೇಳಲೇ ಇಲ್ಲ ಎಂದರು. ಬಿಚ್ಚಿ ನೋಡುತ್ತೇನೆ ಎಂದದ್ದಕ್ಕೆ ಪೆಟ್ಟಿಗೆಯ ಮೇಲೆ ಕೈಯಿಟ್ಟರು.

"ಬ್ಯಾಡವಾ. ಅವ ಬಿಗಿದಿದ್ದ ತಗದ್ರ ಒಳಗಿದ್ದದ್ದೂ ಹೋದೀತು."

ನನಗೆ ಸಿಟ್ಟು ಬಂತು. ಒಳಗೆ ಇರುವುದು ಮಗನಲ್ಲ, ತಂತಿ ಎಂದುಬಿಟ್ಟೆ. ಅವರು ಕೈ ತೆಗೆದರು.

ಮುಚ್ಚಳ ತೆಗೆದಾಗ ಮೊದಲು ಬಂದದ್ದು ವಾಸನೆ, ಬೆಸುಗೆಯದು, ನನ್ನ ಗಂಡನ ಅಂಗಿಗೆ ಸಂಜೆ ಇರುತ್ತಿದ್ದ ವಾಸನೆ. ಒಂದು ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರ್. ನಡುವೆ ಬೋರ್ಡು, ಅದರ ಮೇಲೆ ಅಂಕಿಯನ್ನು ದನಿ ಮಾಡುವ ಕಪ್ಪು ಚಿಪ್, ಅದಕ್ಕೆ ಜೀರಿಗೆಯಂಥ ಕಾಲುಗಳು. ಪ್ರತಿ ಬೆಸುಗೆಯೂ ಗುಂಡಗೆ, ಹೊಳೆಯುತ್ತಾ, ಈಗಷ್ಟೇ ಹಾಕಿ ಎದ್ದುಹೋದಂತೆ ಇತ್ತು. ಕೆಟ್ಟದ್ದು ಕರೆಂಟು ಕೂಡಿಡುವ ಎರಡು ದೊಡ್ಡ ಕೆಪಾಸಿಟರ್‌ಗಳು. ತಲೆ ಉಬ್ಬಿ ಅಂಟು ಸೋರಿತ್ತು. ಗುಜರಿಯಿಂದ ತಂದ ಹಳೆಯವು. ಸದ್ಯಕ್ಕಿರಲಿ ಎಂದು ಅವನ್ನು ಹಾಕಿದ್ದರು. ಹೊಸ ಜೋಡಿ ಅವರ ಹತಾರದ ಡಬ್ಬಿಯಲ್ಲಿ ಕಾಗದ ಸುತ್ತಿ ಹಾಗೇ ಇತ್ತು.

ಮುಟ್ಟುವ ಮೊದಲು, ಕಾರ್ಖಾನೆಯ ರೂಢಿಯಂತೆ, ಎರಡು ತಂತಿ ಕಟ್ಟಿದ ಟಾರ್ಚಿನ ಬಲ್ಬನ್ನು ಕೆಪಾಸಿಟರಿನ ಕಾಲಿಗೆ ಹಿಡಿದೆ. ಉಳಿದ ಕರೆಂಟು ಬಲ್ಬಿನಲ್ಲಿ ಉರಿದು ಹೋಗಬೇಕು. ಇದನ್ನು ಕಲಿಸುವಾಗ ಅವರು ಹೇಳಿದ್ದರು: "ಸ್ವಿಚ್ ತಗದ್ರ ಜೀವ ಹೋತು ಅಂತ ತಿಳೀಬ್ಯಾಡ. ಇನ್ನೂ ಸ್ವಲ್ಪ ಇರ್ತೈತಿ." ಬಲ್ಬು ಮಿಣುಕಲೂ ಇಲ್ಲ. ಆ ಹಳೆಯವುಗಳಲ್ಲಿ ಏನೂ ಉಳಿದಿರಲಿಲ್ಲ.

ಹೊಸವನ್ನು ಬೆಸೆದು ಮುಚ್ಚಳ ಹಾಕಿದೆ. ಅತ್ತೆ ಹತ್ತಿರ ಬಂದು ಸ್ವಿಚ್ ಹಾಕಿ ಗುಂಡಿ ಒತ್ತಿದರು. ಗುಂಯ್ ಸದ್ದು ಪೂರ್ತಿ ಹೋಗಿತ್ತು. ಒಂದು, ಎರಡು, ಮೂರು ಎನ್ನುವ ದನಿಯ ಹಿಂದೆ ಇನ್ನೊಂದು ಸದ್ದು ಕೇಳಿತು. ಪಟ ಪಟ ಪಟ. ನಾನು ಹೆದರಿ ಅಡಿಗೆಮನೆಯ ಕಡೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ. ಅದು ನನ್ನ ಕೈಯ ರೊಟ್ಟಿಯ ಸದ್ದು, ಆವತ್ತಿನದು. ಇಷ್ಟು ವರ್ಷ, ಮೊದಲು ನಾನೇ ಬೇಕಂತ ಬಡಿಯುತ್ತಿದ್ದ ರೊಟ್ಟಿಯ ಸದ್ದಿನ ಕೆಳಗೆ, ಆಮೇಲೆ ಆ ಗುಂಯ್‌ಗುಟ್ಟುವಿಕೆಯ ಕೆಳಗೆ ಅಡಗಿತ್ತು.

"ಯವ್ವಾ, ಕೇಳಸಾಕತ್ತೈತೇನು?"

"ಕೇಳಸಾಕತ್ತೈತೋ ಯಪ್ಪಾ," ಎಂದ ಅತ್ತೆಯ ಕಣ್ಣಲ್ಲಿ ನೀರು. ಎಂದಿನಂತೆ ಸ್ವಿಚ್ ತೆಗೆದರು.

ದನಿ ನಿಲ್ಲಲಿಲ್ಲ. ಪೆಟ್ಟಿಗೆಯ ಕೆಂಪು ದೀಪ ಸಣ್ಣಗಾಗುತ್ತಿತ್ತು, ಹೊಸ ಕೆಪಾಸಿಟರ್‌ಗಳು ಕೂಡಿಟ್ಟದ್ದನ್ನು ಬಿಡುತ್ತಿದ್ದವು, ಅವರು ಇನ್ನೂ ಮಾತಾಡುತ್ತಿದ್ದರು.

"ಅಡಗಿಮನ್ಯಾಗಿನಾಕಿಗೂ ಕೇಳಸಾಕತ್ತೈತೇನು, ಕೇಳು."

ಕೊನೆಯ ಮಾತು ಒಡೆದು, ಸಣ್ಣದಾಗಿ ಬಂತು. ಅತ್ತೆ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ನನ್ನ ಮುಖ ನೋಡಿದರು. ಉತ್ತರಕ್ಕೆ ಕಾದರು.

"ಕೇಳಸಾಕತ್ತೈತ್ರಿ," ಎಂದೆ.

ದೀಪ ಅಷ್ಟರಲ್ಲಿ ಶಾಂತವಾಗಿತ್ತು.