ಜೋಳಿಗೆಗೆ ಹಾಕಲು ಒಂದು ಕ್ವಾರ್ಟರ್

ನನ್ನ ತಮ್ಮ ಮಸ್ಕಿಯಲ್ಲಿ ಶಾಲೆಯ ವ್ಯಾನ್ ಓಡಿಸುತ್ತಾನೆ. ಚಹಾ ಬಿಟ್ಟರೆ ಅವನಿಗೆ ಬೇರೆ ಚಟವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ, ನಂಬಿದವರು ಮಾತ್ರ ಇಲ್ಲ.

ಒಂದು ಭಾನುವಾರ ವ್ಯಾನಿಗೆ ಸಾಮಾನು ತರಲು ಬೈಕಿನಲ್ಲಿ ಸಿಂಧನೂರಿಗೆ ಹೊರಟಿದ್ದ. ಭತ್ತದ ಕೊಯ್ಲಿನ ಕಾಲ. ಗೊರೇಬಾಳದ ಹತ್ತಿರ ಕೊಯ್ಲಿನ ಮಷೀನು ಗದ್ದೆಯಿಂದ ರಸ್ತೆಗೆ ಹತ್ತಿ, ಡಾಂಬರಿನ ತುಂಬ ಹಸಿ ಕೆಸರು ಮೆತ್ತಿ ಹೋಗಿತ್ತು. ಬೈಕು ಜಾರಿತು, ತಲೆಗೆ ಪೆಟ್ಟು ಬಿತ್ತು. ಕುಡಿದು ಬಿದ್ದಿದ್ದಾನೆ ಎಂದುಕೊಂಡು ಎಷ್ಟೋ ಗಾಡಿಗಳು ಮುಂದೆ ಹೋದವು. ನಿಂತು ತಮ್ಮನನ್ನು ಆಸ್ಪತ್ರೆಗೆ ಸಾಗಿಸಿದವನು ಗದ್ದೆ ಕೆಲಸದ ಆಳೊಬ್ಬ. ಅವನ ಸೊಂಟದಲ್ಲಿ ಅರ್ಧ ಖಾಲಿಯಾದ ಬಾಟಲಿ ಇತ್ತು. ಲಿಂಗಸುಗೂರಿನಿಂದ ನಾನು ಬಸ್ಸು ಹಿಡಿದು ಸಿಂಧನೂರಿನ ಆಸ್ಪತ್ರೆಗೆ ಓಡಿ ಬಂದಾಗ ಅವನೇ ಹೆಮ್ಮೆಯಿಂದ ಹೇಳಿದ: "ಗಾಯಕ್ಕ ಶೆರೆ ಸುರುವೀನ್ರಿ ಅಕ್ಕಾರ, ಕೀವಾಗಂಗಿಲ್ಲ. ನೋವು ತಡೀಲಿ ಅಂತ ಬಾಯಿಗೂ ಎರಡು ಗುಟುಕು ಬಿಟ್ಟೀನಿ."

ಅವನನ್ನು ಬೈಯಬೇಕೋ, ಅವನ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ.

ತಮ್ಮ ಬೆಂಚಿನ ಮೇಲೆ ಬಿದ್ದಿದ್ದ. ನಾಲಿಗೆ ತೊದಲುತ್ತಿತ್ತು, ವಾಂತಿ ಮಾಡಿಕೊಳ್ಳುತ್ತಿದ್ದ. ಗಾಯಕ್ಕೆ ಹೊಲಿಗೆ ಹಾಕಿ ಸುಮ್ಮನಾಗಿದ್ದರು. ಡಾಕ್ಟರು ಮೂಗಿಗೆ ಕೈ ಅಡ್ಡ ಹಿಡಿದು, "ಅಮಲು ಇಳೀಲಿ ತಡೀರಿ," ಎಂದರು.

"ನನ್ನ ತಮ್ಮ ಕುಡಿಯಂಗಿಲ್ರಿ ಸಾಹೇಬ್ರ."

"ಎಲ್ಲಾರೂ ಹಂಗೇ ಅಂತಾರ."

ಈಗಲೂ ನೆನೆದರೆ ಮೈ ಉರಿಯುತ್ತದೆ. ಕುಡಿದಿದ್ದನೆಂದೇ ಇಟ್ಟುಕೊಳ್ಳೋಣ. ಕುಡಿದವನ ತಲೆ ಒಡೆಯುವುದಿಲ್ಲವೇ? ಅದರೊಳಗೆ ಏನಾಗಿದೆ ಎಂದು ನೋಡಬಾರದೇ? ಸಂಜೆ ಅವನ ಒಂದು ಕಣ್ಣಿನ ಪಾಪೆ ದೊಡ್ಡದಾದ ಮೇಲೆ ಗಾಬರಿಯಾಗಿ ರಾಯಚೂರಿಗೆ ಕಳಿಸಿದರು. ಅಲ್ಲಿ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದು ಗೊತ್ತಾಗಿ ಆಪರೇಷನ್ ಮಾಡಿದರು. ತಮ್ಮ ಉಳಿದ. ಅವನ ಹೆಸರು ಉಳಿಯಲಿಲ್ಲ.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಎನ್ನುತ್ತಾರೆ ಜನ. ನನ್ನ ತಮ್ಮ ಪಾಪ ಆ ಮರದ ಕೆಳಗೂ ಹೋದವನಲ್ಲ. ಇನ್ನು ಗಾಡಿ ಓಡಿಸಬಹುದು ಎಂದು ರಾಯಚೂರಿನ ಡಾಕ್ಟರು ಹೇಳಿದ ಮೇಲೆ ವ್ಯಾನಿನ ಕೀ ಕೇಳಲು ಶಾಲೆಗೆ ಹೋದೆವು. ಸಾಕ್ಷಿಗೆಂದು ಆ ಆಳನ್ನೂ ಕರೆಸಿದ್ದೆ. ಪುಣ್ಯಾತ್ಮ ಬಂದ, ಧೈರ್ಯಕ್ಕೆಂದು ಒಂದಿಷ್ಟು ಹಾಕಿಕೊಂಡೇ ಬಂದ. ಶಾಲೆಯ ಅಧ್ಯಕ್ಷರು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು.

"ಅಕ್ಕಾರ, ಹುಡುಗರ ತಾಯಿ ತಂದಿ ಒಪ್ಪಂಗಿಲ್ಲ. ಮುಂದಿನ ವಾರ ಸ್ವಾಮಿಗಳು ಜೋಳಿಗಿ ಹಿಡಕೊಂಡು ಬರ್ತಾರ. ಎಲ್ಲಾರ ಮುಂದ ಜೋಳಿಗಿಗೆ ಬಾಟ್ಲಿ ಹಾಕಿ, ಕುಡಿಯೋದು ಬಿಟ್ಟೀನಿ ಅನ್ನಲಿ. ಅಲ್ಲೇ ಕೀ ಕೊಡ್ತೀನಿ."

ನಮ್ಮ ಕಡೆ ಸ್ವಾಮಿಗಳು ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ ಜನರ ಚಟಗಳನ್ನು ಭಿಕ್ಷೆ ಬೇಡುತ್ತಾರೆ. ಗುಟ್ಕಾ, ಬೀಡಿ, ಬಾಟಲಿ, ಇದ್ದದ್ದನ್ನು ಅದರೊಳಗೆ ಹಾಕಿ ಇನ್ನು ಮುಟ್ಟುವುದಿಲ್ಲ ಎನ್ನಬೇಕು. ಒಳ್ಳೆಯ ಪದ್ಧತಿ, ಎಷ್ಟೋ ಮನೆಗಳು ಅದರಿಂದ ಉಳಿದಿವೆ.

"ಇಲ್ಲದ ಚಟ ಎಲ್ಲಿಂದ ತಂದು ಹಾಕ್ಬೇಕ್ರಿ?" ಎಂದು ನಾನು ಕೂಗಿಬಿಟ್ಟೆ. ತಮ್ಮ ನನ್ನ ಕೈ ಒತ್ತಿದ. "ಸುಮ್ನಿರು ಅಕ್ಕಾ. ನನ್ನ ವ್ಯಾನಿನ ಹುಡುಗ್ರು ಈಗ ಬ್ಯಾರೆ ಡ್ರೈವರ್ ಸಂಗಾಟ ಹೊಂಟಾವ. ಅವ ಗಾಡಿ ಭಾಳ ಜೋರು ಹೊಡೀತಾನ."

ಹೀಗಾಗಿ ನನ್ನ ತಮ್ಮ ಹುಟ್ಟಿದ ಮೇಲೆ ಮೊದಲ ಸಲ ವೈನ್ ಶಾಪಿನ ಮೆಟ್ಟಿಲು ಹತ್ತಿದ. ನಾನು ತಲೆ ಮೇಲೆ ಸೆರಗು ಎಳೆದುಕೊಂಡು ರಸ್ತೆಯ ಈಚೆ ನಿಂತಿದ್ದೆ.

"ಯಾವ್ದು ಕೊಡ್ಲಿ?" ಎಂದ ಅಂಗಡಿಯವನು.

"ಯಾವ್ದಾರ ಒಂದು ಕ್ವಾರ್ಟರ್ ಕೊಡ್ರಿ. ಕುಡ್ಯಾಕಲ್ರಿ."

"ಎಲ್ಲಾರೂ ಹಂಗೇ ಅಂತಾರ," ಎಂದು ಅವನೂ ನಕ್ಕ.

ಸ್ವಾಮಿಗಳು ಬಂದ ದಿನ ತಮ್ಮ ಸಾಲಿನಲ್ಲಿ ನಿಂತು, ಸೀಲು ಒಡೆಯದ ಆ ಬಾಟಲಿಯನ್ನು ಜೋಳಿಗೆಗೆ ಇಳಿಸಿ, "ಇನ್ನ ಮುಟ್ಟಂಗಿಲ್ರಿ ಬುದ್ಧಿ," ಎಂದ. ಅವರು ಹಣೆಗೆ ವಿಭೂತಿ ಹಚ್ಚಿದರು. ಜನ ಚಪ್ಪಾಳೆ ತಟ್ಟಿದರು. ವ್ಯಾನಿನಲ್ಲಿ ಮಗಳನ್ನು ಕಳಿಸುವ ತಾಯಿಯೊಬ್ಬಳು ಕಣ್ಣೊರೆಸಿಕೊಂಡು, "ಈಗ ನೋಡ್ರಿ ಧೈರ್ಯ ಬಂತು," ಎಂದಳು. ಅಧ್ಯಕ್ಷರು ಎಲ್ಲರೆದುರೇ ಕೀ ಕೊಟ್ಟರು. ಅಷ್ಟು ವರ್ಷ ಕುಡಿಯದೆ ಗಾಡಿ ಓಡಿಸಿದವನಿಗೆ ಒಬ್ಬರೂ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ. ನನ್ನ ಕೈ ಚಪ್ಪಾಳೆಗೆ ಏಳಲಿಲ್ಲ.

ಮನೆಗೆ ಬರುವಾಗ ತಮ್ಮ ಕೀಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದ. ಅರ್ಧ ದಾರಿಯಲ್ಲಿ ನಿಂತು ಕೇಳಿದ:

"ಅಕ್ಕಾ, ನಾಳಿಗಿ ಯಾರಾರ ಎಷ್ಟು ವರ್ಷದಿಂದ ಕುಡೀತಿದ್ದಿ ಅಂತ ಕೇಳಿದ್ರ, ಏನಂತ ಹೇಳ್ಲಿ?"